ಕ್ವಿತೇರಿಯಾಳ ಪಕ್ಕದ ಕುರ್ಚಿ

ಒಂದು ಮೊಟ್ಟೆ ಕೊಳೆತಿತ್ತು. ಬಟ್ಟಲಿನ ಅಂಚಿಗೆ ಕುಟ್ಟಿದ ಮೇಲೆಯೇ ಜೆರೊನ್‌ಗೆ ಗೊತ್ತಾದದ್ದು. ಅಷ್ಟರಲ್ಲಿ ಬೆಳಗಿನಿಂದ ಕೂಡಿಟ್ಟಿದ್ದ ಬಿಳಿ ಲೋಳೆಯೊಳಗೆ ಕಪ್ಪು ಎಳೆಎಳೆಯಾಗಿ ಇಳಿದುಬಿಟ್ಟಿತ್ತು. ಆ ಬಿಳಿಯನ್ನು ಕಡೆದು ಫೋಟೋ ಕಾಗದಕ್ಕೆ ಹಚ್ಚಿದರೇ ಜಂಜಿಬಾರದ ದೊಡ್ಡ ಮನುಷ್ಯರ ಮುಖಗಳಿಗೆ ಹೊಳಪು. ಅವನು ಬಟ್ಟಲನ್ನೆತ್ತಿ ಅಂಗಳದ ಗೋಡೆಗೆ ಬೀಸಿದ.

ಫರಾಜಿ ಗೋಡೆಯನ್ನು ನೋಡಿದ. ಜೆರೊನ್‌ನ ಫೋಟೋ ಸ್ಟುಡಿಯೋ ಶುರುವಾದಂದಿನಿಂದ ಜೊತೆಗಿದ್ದ ನರೆತಲೆಯ ಕೆಲಸಗಾರ ಅವನು.

"ಬಟ್ಟಲು ಏನ್ ಮಾಡಿತ್ತು, ಬ್ವಾನಾ?"

"ಮೊಟ್ಟೆ ತಂದವನು ನೀನು."

"ಇಟ್ಟಿದ್ದು ಕೋಳಿ."

ಜೆರೊನ್ ನಗಲಿಲ್ಲ. ಪಾದ್ರಿಯಾಗಲೆಂದು ಗೋವೆಯಲ್ಲಿ ಲ್ಯಾಟಿನ್ ಓದಿ ಅರ್ಧಕ್ಕೆ ಬಿಟ್ಟವನು ಅವನು. ಮದುವೆಯಾಗಿ, ಮೊದಲ ಕ್ರಿಸ್ಮಸ್ ಬರುವ ಮುಂಚೆ ಅದನ್ನೂ ಬಿಟ್ಟು ಹಡಗು ಹತ್ತಿದ. ಎರಡನ್ನೂ ಅರ್ಧಕ್ಕೆ ಬಿಟ್ಟವನಿಗೆ ಮನುಷ್ಯರನ್ನು ಪೂರ್ತಿ ಮಾಡಿಕೊಡುವ ಕಸುಬು ಸಿಕ್ಕಿತು.

ಹಾಗೆಂದರೆ ಜೋಡಿ ಚಿತ್ರ. ಊರಿನಲ್ಲಿ ಹೆಂಡತಿ ಒಂದು ಖಾಲಿ ಕುರ್ಚಿಯ ಪಕ್ಕ ನಿಂತು ಫೋಟೋ ತೆಗೆಸಿ ಹಡಗಿಗೆ ಹಾಕುತ್ತಾಳೆ. ಇಲ್ಲಿ ಗಂಡ, ಅಡುಗೆಯವನೋ ದರ್ಜಿಯೋ, ಸಾಲ ತಂದ ಕೋಟು ತೊಟ್ಟು ಕೂರುತ್ತಾನೆ. ಜೆರೊನ್ ಅವನ ಫೋಟೋ ತೆಗೆದು, ಅದರಿಂದ ಅವನನ್ನು ಸಣ್ಣ ಚಾಕುವಿನಲ್ಲಿ ಬಿಡಿಸಿ ಆ ಕುರ್ಚಿಯಲ್ಲಿ ಅಂಟಿಸುತ್ತಾನೆ. ವರ್ಷಗಟ್ಟಲೆ ಒಂದು ಸೂರಿನಡಿ ಮಲಗದ ಇಬ್ಬರು ಗೋವೆಯ ಗೋಡೆಯ ಮೇಲೆ ಸಂಸಾರ ಮಾಡುತ್ತಾರೆ. ಅಪ್ಪನನ್ನು ಕಾಣದ ಮಕ್ಕಳು ಅದಕ್ಕೆ ಮುತ್ತಿಡುತ್ತವಂತೆ. ಕೇಳಿದಾಗಲೆಲ್ಲ ಜೆರೊನ್ ಮುಖ ತಿರುಗಿಸುತ್ತಿದ್ದ. ಕಸುಬು ಮಾತ್ರ ಬಿಡಲಿಲ್ಲ.

ಅಡುಗೆಯ ಮಿಂಗೆಲ್ ಬಂದ. ಜೆರೊನ್‌ನ ಊರಾದ ಅಲ್ದೋಣದವನೇ. ಬೆಬಿಂಕ ಎಂಬ ಸಿಹಿ ಮಾಡಲು ಇಲ್ಲಿ ಉಳಿದ ಮೊಟ್ಟೆಯ ಹಳದಿಯನ್ನು ಅವನೇ ಒಯ್ಯುತ್ತಿದ್ದ. ಇವತ್ತು ಅವನ ಜೋಡಿ ಚಿತ್ರವೂ ಸಿದ್ಧವಾಗಿತ್ತು.

"ಆಹಾ! ಇವಳ ಪಕ್ಕ ನಾನು ಇಷ್ಟು ಸುಮ್ನೆ ಯಾವತ್ತೂ ಕೂತಿದ್ದಿಲ್ಲ, ಬಾಬ್. ಸಂಜೆ ಹಡಗಿಗೇ ಹಾಕ್ತೀನಿ."

"ತಗೊಂಡು ಹೋಗು."

ಮಿಂಗೆಲ್ ಹೋಗಲಿಲ್ಲ. ಹಳದಿಯ ಮಡಕೆಯನ್ನು ಕೆಳಗಿಟ್ಟ.

"ನನ್ನವಳು ಕಾಗದ ಬರೆಸಿದ್ದಾಳೆ. ಬರೋ ತಿಂಗಳು ಇಗರ್ಜಿಯಲ್ಲಿ ನಿಮ್ಮ ಆತ್ಮಕ್ಕೆ ಶಾಂತಿ ಪೂಜೆ."

"ಯಾರ ಆತ್ಮಕ್ಕೆ?"

"ನಿಮ್ದೇ. ನಿಮ್ಮಣ್ಣ ಹೇಳಿಸಿದ್ದಾನೆ. ಪೂಜೆ ಆದ್ಮೇಲೆ ನಿಮ್ಮ ಹೆಂಡ್ತಿ ಕ್ವಿತೇರಿಯಾಗೆ ವಿಧವೆಯ ಕರಿ ಬಟ್ಟೆ. ಮನೆ ಅಣ್ಣಂದು, ಅವಳು ಬೀದಿಗೆ."

"ಪಾದ್ರಿ ಪುರಾವೆ ಕೇಳಲಿಲ್ವಾ?"

"ಕೇಳಿದ್ರು. ಅವಳನ್ನ. ಬದುಕಿದ್ದಾನೆ ಅನ್ನೋದಕ್ಕೆ ಏನಿದೆ ಅಂತ. ನಾನು ಬರೆಸಿದ್ದೆ, ಇದ್ದಾರೆ ಅಂತ. ಅಡುಗೆಯವನ ಮಾತು ಯಾರಿಗೆ ಬೇಕು? ಚಿತ್ರ ತೋರಿಸು ಅಂದ್ರಂತೆ."

"ಚಿತ್ರ ಸುಳ್ಳು ಹೇಳುತ್ತೆ, ಮಿಂಗೆಲ್."

"ಅದು ನಿಮಗೆ ಗೊತ್ತು, ನನಗೆ ಗೊತ್ತು. ಪಾದ್ರಿಗೆ ಯಾಕೆ?" ಮಿಂಗೆಲ್ ಮಡಕೆ ಎತ್ತಿಕೊಂಡ. "ಊರಿನ ಗಂಡಸರನ್ನೆಲ್ಲ ಹೆಂಡ್ತಿ ಪಕ್ಕ ಕೂರಿಸ್ತೀರಿ. ಅವಳು ತನ್ನ ಫೋಟೋ ಕಳಿಸಿ ನಾಲ್ಕು ವರ್ಷ ಆಯ್ತು. ನಿಮಗೆ ಕೂರೋದಕ್ಕೆ ಮುಳ್ಳಾ?"

"ಹೊರಗೆ ನಡಿ."

"ನಡೀತೀನಿ. ಸತ್ತವರ ಹತ್ರ ನನಗೇನು ಮಾತು."

ಕ್ವಿತೇರಿಯಾಳ ಫೋಟೋ ಪೆಟ್ಟಿಗೆಯ ತಳದಲ್ಲಿತ್ತು. ಜೆರೊನ್ ಅದನ್ನು ತೆಗೆದು ಬೆಳಕಿಗೆ ಹಿಡಿದ. ಅವಳು ನೇರ ನೋಡುತ್ತಿದ್ದಳು. ಅಂಗೈ ಅವನ ಅಪ್ಪನ ಬೆತ್ತದ ಖಾಲಿ ಕುರ್ಚಿಯ ಬೆನ್ನಿನ ಮೇಲಿತ್ತು. ಅಳಲಿಲ್ಲ, ಕೇಳಲಿಲ್ಲ, ಬಯ್ಯಲಿಲ್ಲ. ಒಬ್ಬ ಮನುಷ್ಯನಿಗೆ ಎಷ್ಟು ಬೇಕೋ ಅಷ್ಟು ಜಾಗ ಬಿಟ್ಟು, ಗಿರಾಕಿಯ ಹೆಂಡತಿಯ ಹಾಗೆ ನಿಂತಿದ್ದಳು. ನಾಲ್ಕು ವರ್ಷದಿಂದ ಅವನಿಗೆ ಸಿಟ್ಟು ತರಿಸಿದ್ದು ಆ ಅಳತೆ. ಅಷ್ಟೇ ಜಾಗ, ತುಂಬು ಎಂದ ಹಾಗೆ. ಅವಳ ದನಿ ನೆನಪಿಸಿಕೊಳ್ಳಲು ನೋಡಿದ. ಬರಲಿಲ್ಲ. ಸಿಟ್ಟು ಇನ್ನೂ ಏರಿತು.

ಅಣ್ಣನ ಮೇಲೆ, ಪಾದ್ರಿಯ ಮೇಲೆ, ಮಿಂಗೆಲ್‌ನ ಮಾತಿನ ಮೇಲೆ. ತಾನು ಇದ್ದೇನೆ ಎನ್ನಲು ತನ್ನದೇ ಸುಳ್ಳು ಬೇಕಾಯಿತಲ್ಲ!

ಕೋಟು ತೊಟ್ಟ. ಚಿತ್ರ ಹಿಡಿಯುವ ಗಾಜಿಗೆ ಮದ್ದು ಹಚ್ಚಿ ಕ್ಯಾಮೆರಾದೊಳಗಿಟ್ಟ. ಅದು ಆರುವ ಮುಂಚೆ ಎಲ್ಲ ಮುಗಿಯಬೇಕು. ಸರೋವರ ಬರೆದ ಪರದೆಯ ಮುಂದೆ ಮಖಮಲ್ಲಿನ ಕುರ್ಚಿ ಎಳೆದ.

"ಮುಚ್ಚಳ ನಾನು ತೆಗೀಲಾ, ಬ್ವಾನಾ?" ಫರಾಜಿ ಕೇಳಿದ. "ನೀವು ಕೂತಿರಿ."

"ಬೇಡ."

"ಒಬ್ಬರೇ ಹೇಗೆ..."

"ನೀನು ನೋಡಬೇಡ. ಹೋಗು."

ಕ್ಯಾಮೆರಾದ ಮುಚ್ಚಳ ತೆಗೆದು ಓಡಿದ. ಕೂತ. ಗಿರಾಕಿಗಳ ತಲೆ ಅಲುಗದಂತೆ ಹಿಡಿಯುವ ಕಬ್ಬಿಣದ ಕವೆಗೆ ತನ್ನ ಕತ್ತು ಕೊಟ್ಟ. ತಣ್ಣಗಿತ್ತು. ಎದುರಿನ ಗಾಜುಕಣ್ಣು ಅವನನ್ನು ನೋಡಿತು. ಏನೂ ಹೊಳೆಯಲಿಲ್ಲ. ಎದ್ದು ಓಡಿ ಮುಚ್ಚಿದ.

ಕತ್ತಲೆಕೋಣೆಯಲ್ಲಿ ಅವನು ಮೆಲ್ಲಗೆ ಮೂಡಿದ. ಪೂರ್ತಿ ಮೂಡಲಿಲ್ಲ, ಹೊಗೆಯ ಹಾಗೆ ತೆಳುವಾಗೇ ಉಳಿದ. ಹೋಗಿ ಬಂದು ಓಡಾಡಿದ ಹೊತ್ತನ್ನೂ ಗಾಜು ಹಿಡಿದುಬಿಟ್ಟಿತ್ತು. ಆ ಹೊತ್ತಿನಲ್ಲಿ ಅಲ್ಲಿ ಅವನಿರಲಿಲ್ಲ, ಬರೀ ಕುರ್ಚಿ ಇತ್ತು.

ಬಿಸಿಲಿಗಿಟ್ಟು ತೆಗೆದ ಪ್ರತಿಯನ್ನು ಫರಾಜಿ ಬಹಳ ಹೊತ್ತು ನೋಡಿದ.

"ಇನ್ನೊಂದು ತೆಗೆಯೋಣ. ಹಡಗಿಗೆ ಹೊತ್ತಿದೆ. ಮುಚ್ಚಳ ನಾನು ಹಿಡೀತೀನಿ."

"ಇದು ಸಾಕು."

"ಇದನ್ನ ನೋಡಿದ್ರೆ ಸತ್ತಿದ್ದಾರೆ ಅಂತಲೇ ಅಂದ್ಕೊಳ್ತಾರೆ, ಬ್ವಾನಾ. ನಿಮ್ಮ ಹೆಂಡ್ತಿಗೆ..."

"ನಾನು ಇರೋದು ಹೀಗೆ. ಬೇಕಾದ್ರೆ ಇಟ್ಕೊಳ್ಳಲಿ." ಅವನ ದನಿ ಕೀರಲಾಗಿತ್ತು. "ಎಲ್ಲರಿಗೂ ಸುಳ್ಳು ಮಾಡಿಕೊಟ್ಟೆ. ಅವಳಿಗೂ ಮಾಡಬೇಕಾ?"

ಫರಾಜಿ ಪ್ರತಿಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋದ.

ಜೆರೊನ್ ತನ್ನನ್ನು ತಾನೇ ಕತ್ತರಿಸಿದ. ಹೆಗಲಿನ ಬಳಿ ಅವಳ ಬೆರಳುಗಳಿಗೆ ಹಾದಿ ಬಿಟ್ಟು ಕೊರೆದ. ಇಷ್ಟು ಅಚ್ಚುಕಟ್ಟಾಗಿ ಯಾವ ಗಿರಾಕಿಗೂ ಮಾಡಿರಲಿಲ್ಲ. ಅಂಟಿಸಿ ಒತ್ತಿದ. ಕಾಗದ ತೆಗೆದುಕೊಂಡು, ನಾಲ್ಕು ವರ್ಷದಿಂದ ಅವಳ ಹೆಸರಿನಿಂದ ಮುಂದೆ ಹೋಗದ ಪತ್ರವನ್ನು ಒಂದೇ ಮಾತಿನಲ್ಲಿ ಮುಗಿಸಿದ. ಇದ್ದೇನೆ.

ಅಂಚೆಯ ಗುಮಾಸ್ತ ಚೀಲದ ಬಾಯಿ ಕಟ್ಟುತ್ತಿದ್ದ. ಬೇಸರದಿಂದ ಮತ್ತೆ ಬಿಚ್ಚಿದ. ಲಕೋಟೆ ಒಳಗೆ ಬಿತ್ತು. ಚೀಲ ದೋಣಿಗೆ ಬಿತ್ತು. ದೋಣಿ ಹಡಗಿನತ್ತ ಹೋಯಿತು.

ಜೆರೊನ್ ದಡದಲ್ಲಿ ನಿಂತಿದ್ದ. ಚೀಲದ ಕತ್ತಲೆಯಲ್ಲಿ ಕ್ವಿತೇರಿಯಾಳ ಅಂಗೈ ಕೊನೆಗೂ ಗಂಡನ ಹೆಗಲ ಮೇಲಿತ್ತು. ಆ ಹೆಗಲಿನೊಳಗಿಂದ, ಕೋಟಿನ ಗುಂಡಿಗಳ ಹಿಂದಿನಿಂದ, ಯಾರ ಮನೆಯದೂ ಅಲ್ಲದ ಒಂದು ಮಖಮಲ್ಲಿನ ಕುರ್ಚಿ ಕಾಣುತ್ತಿತ್ತು.