ನೀರು ಮೇಲಿನಿಂದ ಬರುವ ಚಿತ್ರ

ಆ ಪ್ರಬಂಧದ ಭಾಷೆ ನನಗೆ ಬರುತ್ತಿರಲಿಲ್ಲ; ನನ್ನ ಗೈಡ್ ಮೇಡಂಗೂ ಬರುತ್ತಿರಲಿಲ್ಲ. ಐವತ್ತು ವರ್ಷ ಹಳೆಯದು, ಒಂಬತ್ತು ಪುಟ, ಜೆರಾಕ್ಸಿನ ಜೆರಾಕ್ಸು. ಅಕ್ಷರಗಳ ಹೊಟ್ಟೆಯೊಳಗೆಲ್ಲ ಮಸಿ ತುಂಬಿಕೊಂಡಿದ್ದರಿಂದ ಫೋನಿನ ಅನುವಾದವೂ ಕೈಚೆಲ್ಲಿತ್ತು. ಆದರೆ ನಮಗೆ ಬೇಕಾದ ವಸ್ತುವನ್ನು ಬೆಳ್ಳನೆಯ ಹರಳಾಗಿ ಪಡೆದವರು, ನಾವು ಹುಡುಕಿದ ಮಟ್ಟಿಗೆ, ಆ ಪ್ರಬಂಧ ಬರೆದವರೊಬ್ಬರೇ. ಹಾಗಾಗಿ ರಸಾಯನಶಾಸ್ತ್ರದವರು ಓದುವಂತೆ ಓದಿದೆ: ಮೊದಲು ಸೂತ್ರಗಳು, ಆಮೇಲೆ ಕೋಷ್ಟಕದ ಅಂಕಿಗಳು, ಕೊನೆಗೆ ಚಿತ್ರ. ನೂರಾಹತ್ತು ಡಿಗ್ರಿ ಎಂದರೆ ಎಲ್ಲ ಭಾಷೆಯಲ್ಲೂ ನೂರಾಹತ್ತು ಡಿಗ್ರಿಯೇ. ನಿಮಿಷಕ್ಕೆ ನಲವತ್ತು ಮಿಲಿಲೀಟರ್ ತಣ್ಣೀರು ಎಂದರೆ ಅಷ್ಟೇ. ಒಂದು ವಾಕ್ಯವೂ ಗೊತ್ತಿಲ್ಲದೆ ಒಂಬತ್ತು ಪುಟ ಅರ್ಥ ಮಾಡಿಕೊಂಡೆನೆಂಬ ಹೆಮ್ಮೆ ನನಗಿತ್ತು.

ಏಳು ತಿಂಗಳಾದರೂ ನನ್ನ ಹರಳು ಹಳದಿಯಾಗಿಯೇ ಬರುತ್ತಿತ್ತು.

ಉಪಕರಣ ಸರಳವಾದದ್ದು. ನಿಲ್ಲಿಸಿದ ಒಂದು ಉದ್ದನೆಯ ಗಾಜಿನ ಕೊಳವೆ. ತಳದಲ್ಲಿ ಪುಡಿಯನ್ನು ಕಾಯಿಸಿದರೆ ಅದು ಕರಗದೆ ನೇರವಾಗಿ ಆವಿಯಾಗಿ ಮೇಲೇರುತ್ತದೆ. ಕೊಳವೆಯ ಸುತ್ತ ಇನ್ನೊಂದು ಗಾಜಿನ ಕವಚ, ಅದರಲ್ಲಿ ತಣ್ಣೀರು. ಆವಿ ತಣಿದು ಒಳಗೋಡೆಗೆ ಹರಳಾಗಿ ಕೂರುತ್ತದೆ. ಹಳದಿಯ ಕಲ್ಮಶ ಬೇರೆಯಾಗಿ ಉಳಿಯಬೇಕು. ನಮ್ಮಲ್ಲಿ ಎರಡೂ ಒಂದೇ ಕಡೆ ಅಂಟಿಕೊಂಡು ಕೂರುತ್ತಿದ್ದವು.

"ಶುಕ್ರವಾರದವರೆಗೆ ನೋಡೋಣ," ಎಂದರು ಮೇಡಂ. "ಬರಲಿಲ್ಲ ಅಂದ್ರೆ ವಿಷಯಾನೇ ಬದಲಾಯಿಸಿಬಿಡು." ಅಂದರೆ ಎರಡು ವರ್ಷದ ಕೆಲಸ ಮೂಲೆಗೆ.

ಮಂಗಳವಾರ ಕೊಳವೆಯ ತುದಿ ಮುರಿಯಿತು. ನೆಲಮಾಳಿಗೆಯ ಗಾಜಿನ ಕಾರ್ಯಾಗಾರಕ್ಕೆ ಒಯ್ದೆ. ಇಡೀ ಕಟ್ಟಡಕ್ಕೆ ಗಾಜು ಊದಿಕೊಡುವ ಅಲ್ಲಿನ ಹಿರಿಯರನ್ನು ಎಲ್ಲರೂ ಗಾಜಣ್ಣ ಎಂದೇ ಕರೆಯುವುದು.

"ಮತ್ತೆ ಮುರಿದ್ಯಾ ತಾಯಿ? ನೀನು ಓದೋಕೆ ಬಂದಿದೀಯೋ, ನನಗೆ ಕೆಲಸ ಹಚ್ಚೋಕೆ ಬಂದಿದೀಯೋ?"

"ಕೈ ಜಾರ್ತು ಗಾಜಣ್ಣ."

"ಕೈ ಜಾರಿದ್ರೆ ಇಂಥ ಮುಖ ಇರಲ್ಲ. ಏನಾಯ್ತು ಹೇಳು."

ಹೇಳಿದೆ. ಅವರು ಬರ್ನರ್ ಆರಿಸಿದರು. "ಈ ಕೊಳವೆ ಮಾಡೋಕೆ ಅವತ್ತು ನನಗೊಂದು ಚಿತ್ರ ಕೊಟ್ಯಲ್ಲ, ಅದನ್ನ ಎಲ್ಲಿಂದ ಇಳಿಸಿದ್ದು?"

"ಒಂದು ಹಳೇ ಪೇಪರಿಂದ. ಗ್ರಾಫ್ ಹಾಳೇಲಿ ನಾನೇ ನೀಟಾಗಿ ಬರೆದೆ."

"ಮೂಲ ತಗೊಂಬಾ."

"ಆ ಭಾಷೆ ನಮಗ್ಯಾರಿಗೂ ಬರಲ್ಲ ಗಾಜಣ್ಣ."

"ನಾನೇನು ಅದರ ಜೊತೆ ಸಂಸಾರ ಮಾಡ್ಬೇಕಾ? ತಗೊಂಬಾ ಅಂದ್ರೆ."

ಹಾಳೆಯನ್ನು ಮೇಜಿನ ಮೇಲೆ ಹರಡಿ, ಮೂಲೆಗೊಂದರಂತೆ ಗಾಜಿನ ತುಂಡು ಇಟ್ಟು, ಅವರು ಚಿತ್ರದ ಒಂದೊಂದು ಗೆರೆಯ ಮೇಲೂ ಬೆರಳಾಡಿಸಿದರು. ಎಲ್ಲೂ ಹಾರಿಸಲಿಲ್ಲ. ನಾನು ಇಡೀ ಪ್ರಬಂಧಕ್ಕೆ ಕೊಟ್ಟಷ್ಟು ಹೊತ್ತನ್ನು ಅವರು ಆ ಒಂದು ಚಿತ್ರಕ್ಕೇ ಕೊಡುವಂತೆ ಕಂಡಿತು. ಕೊನೆಗೆ ಬೆರಳು ಒಂದೆಡೆ ನಿಂತಿತು.

"ಈ ಸೊಂಡಿಲು ಎಲ್ಲಿ ಹೋಯ್ತು?"

ಚಿತ್ರದಲ್ಲಿ ಕವಚದ ಬುಡದಿಂದ ಹೊರಟ ಸಣ್ಣ ಕೊಳವೆಯೊಂದು, ನೆತ್ತಿಯವರೆಗೆ ಏರಿ, ಬಾಗಿ, ಮತ್ತೆ ಇಳಿದಿತ್ತು.

"ಅದಾ? ಅನಗತ್ಯ ಅಂತ ಬಿಟ್ಟೆ."

"ಈ ಬಾಣ? ಇಲ್ಲಿ ನೀರು ಮೇಲಿಂದ ಬರ್ತಿದೆ."

"ಅದು ಅವರು ತಪ್ಪು ಬರೆದಿದ್ದು. ತಣ್ಣೀರು ಯಾವಾಗ್ಲೂ ಕೆಳಗಿಂದ ಬಿಡ್ಬೇಕು, ಆಗಲೇ ಕವಚ ತುಂಬೋದು. ಮೊದಲನೇ ವರ್ಷದಲ್ಲೇ ಕಲಿಸ್ತಾರೆ. ನಾನು ಸರಿ ಮಾಡ್ದೆ."

"ಸರಿ ಮಾಡಿದ್ಯಾ!" ಗಾಜಣ್ಣ ಕನ್ನಡಕ ತೆಗೆದರು. "ನೋಡಮ್ಮ, ಈ ಮನುಷ್ಯ ಬಿರಡೆಯ ಹಿಡಿ ಎಷ್ಟು ದಪ್ಪ ಅನ್ನೋದನ್ನೂ ಬರೆದಿದಾನೆ. ಅಂಚು ಕಾಯಿಸಿ ನುಣ್ಣಗೆ ಮಾಡಿದ್ದನ್ನೂ ತೋರಿಸಿದಾನೆ. ಅಂಥವನಿಗೆ ನೀರು ಯಾವ ಕಡೆಯಿಂದ ಬರುತ್ತೆ ಅಂತ ಗೊತ್ತಿರಲ್ವಾ? ಇಷ್ಟುದ್ದ ಬಗ್ಗಿಸೋಕೆ ಅರ್ಧ ದಿನ ಹಿಡಿಯುತ್ತೆ. ಶೋಕಿಗೆ ಯಾರೂ ಬಗ್ಗಿಸಲ್ಲ. ಮೇಲಿಂದ ಬಿಟ್ಟ ನೀರು ಬುಡದಲ್ಲಿ ಸುರಿದುಹೋಗದೆ, ಕವಚ ತುಂಬಿಕೊಂಡೇ ಇರ್ಲಿ ಅಂತ ಈ ಸೊಂಡಿಲು. ಇಲ್ನೋಡು, ಗಾಳಿ ಹೋಗೋಕೆ ಒಂದು ಪುಟ್ಟ ಮೂಗು. ಏನೋ ಬೇಕಾಗಿತ್ತು ಇವನಿಗೆ. ಅದೇನು ಅಂತ ನನಗೆ ಗೊತ್ತಿಲ್ಲ. ಅದು ನಿನ್ನ ಓದು."

ಅವರ ಮಾತು ಮುಗಿಯುವಷ್ಟರಲ್ಲಿ ನನಗೆ ಹೊಳೆದಿತ್ತು. ಮೇಲಿನಿಂದ ನಿಧಾನವಾಗಿ ಇಳಿಯುವ ನೀರು ಇಳಿಯುತ್ತಾ ಬೆಚ್ಚಗಾಗುತ್ತದೆ. ಆಗ ಕೊಳವೆಯ ಬುಡ ಬೆಚ್ಚಗೆ, ನೆತ್ತಿ ತಣ್ಣಗೆ. ಬೆಚ್ಚಗಿರುವಲ್ಲೂ ಬೇಗ ಹರಳುಗಟ್ಟುವ ಹಳದಿ ಕೆಳಗೇ ನಿಲ್ಲುತ್ತದೆ. ಬಿಳಿಯದು ದಾಟಿ ಮೇಲಕ್ಕೆ ಹೋಗುತ್ತದೆ. ನಾನು ಅತಿ ತಣ್ಣನೆಯ ನೀರನ್ನು ಬುಡಕ್ಕೇ ಬಿಟ್ಟು ಎರಡನ್ನೂ ಬಾಗಿಲಲ್ಲೇ ತಡೆದಿದ್ದೆ. ಆ ಪ್ರಬಂಧದಲ್ಲಿ ನನಗೆ ಮೊದಲೇ ಗೊತ್ತಿದ್ದನ್ನೆಲ್ಲ ಓದಿ, ಗೊತ್ತಿಲ್ಲದ ಒಂದೇ ಒಂದು ಸಂಗತಿಯನ್ನು ಹೊಡೆದುಹಾಕಿದ್ದೆ.

"ಅರ್ಧ ದಿನದಲ್ಲಿ ಆಗುತ್ತಾ ಗಾಜಣ್ಣ?"

"ಅರ್ಧ ದಿನ ಅವನಿಗೆ. ನನಗೆ ಎರಡು ದಿನ ಕೊಡು."

ಎರಡು ಸೊಂಡಿಲು ಬಾಗುವಲ್ಲಿ ಕುಸಿದು ಕಸದ ಡಬ್ಬಿ ಸೇರಿದವು. ಮೂರನೆಯದು ನಿಂತಿತು.

ಶುಕ್ರವಾರ ಹನ್ನೊಂದಕ್ಕೆ ಮೇಡಂ ಒಳಗೆ ಬಂದವರೇ, "ಯಾರಮ್ಮ ನೀರಿನ ಪೈಪನ್ನ ತಲೆಕೆಳಗೆ ಹಾಕಿದ್ದು?" ಎಂದು ನಲ್ಲಿಗೆ ಕೈಹಾಕಿದರು. ನಾನು ಆ ಕೈಯನ್ನು ಹಿಡಿದುಕೊಂಡೆ. "ಮುಟ್ಟಬೇಡಿ ಮೇಡಂ. ಮೊದಲು ಕೊಳವೆ ನೋಡಿ."

ಕೆಳಗೆ ಹಳದಿಯ ಒಂದು ಉಂಗುರ. ಅದರ ಮೇಲೆ ನಾಲ್ಕು ಬೆರಳಷ್ಟು ಬರೀ ಗಾಜು. ಅದಕ್ಕೂ ಮೇಲೆ ಬಿಳಿ. ಒಂದು ಚುಕ್ಕೆಯೂ ಇಲ್ಲದ ಬಿಳಿ.

ಮೇಡಂ ಬಗ್ಗಿದವರು ತುಂಬ ಹೊತ್ತು ಏಳಲಿಲ್ಲ. ಆಮೇಲೆ ಆ ಮಸಿಮಸಿ ಜೆರಾಕ್ಸನ್ನು ಎತ್ತಿಕೊಂಡು ಚಿತ್ರ ನೋಡಿದರು. "ನಾನೂ ಇದನ್ನ ತಪ್ಪು ಅಂತಲೇ ಅಂದುಕೊಂಡಿದ್ದೆ ಕಣೇ," ಎಂದರು. ಮರುಕ್ಷಣ ಗೈಡ್ ಆಗಿಬಿಟ್ಟರು: "ತೂಕ ಮಾಡಿ ಬರೆದಿಡು. ವಿಷಯ ಇದೇ ಇರ್ಲಿ. ಆಮೇಲೆ ಕುಣಿಯೋಣ."

ಸಂಜೆ ಕೊಳವೆಯನ್ನೂ ಹಾಳೆಯನ್ನೂ ಗಾಜಣ್ಣನ ಹತ್ತಿರ ಒಯ್ದೆ. ಅವರು ಹರಳಿನ ಕಡೆ ಒಮ್ಮೆ ತಲೆಯಾಡಿಸಿ, ಸೊಂಡಿಲನ್ನು ಬೆಳಕಿಗೆ ಹಿಡಿದರು. "ನನ್ನ ಬಾಗು ಒಂಚೂರು ಚಪ್ಪಟೆ ಆಯ್ತು. ಅವನದು ನೋಡು, ಎಷ್ಟು ಗುಂಡಗಿದೆ! ಇದರಲ್ಲಿ ಅವನ ಹೆಸರು ಯಾವುದು?"

ಶೀರ್ಷಿಕೆಯ ಕೆಳಗಿನ ಸಾಲು ತೋರಿಸಿದೆ. ಹೇಗೆ ಉಚ್ಚರಿಸಬೇಕೆಂದು ನನಗೂ ಗೊತ್ತಿರಲಿಲ್ಲ. ಗಾಜಣ್ಣ ಸೀಮೆಸುಣ್ಣ ತೆಗೆದುಕೊಂಡು, ಸಲಕರಣೆಯ ಕಪಾಟಿನ ಬಾಗಿಲ ಮೇಲೆ ಆ ಅಕ್ಷರಗಳನ್ನು ಒಂದೊಂದಾಗಿ, ಚಿತ್ರ ಇಳಿಸುವ ಹಾಗೆ, ಗೆರೆ ತಪ್ಪದಂತೆ ಇಳಿಸಿದರು. ಕೊನೆಯ ಅಕ್ಷರದ ನೆತ್ತಿಗೆ ಒಂದು ಚುಕ್ಕೆಯನ್ನೂ ಇಟ್ಟರು. ಅದು ಜೆರಾಕ್ಸಿನ ಕೊಳೆ ಇರಬಹುದು ಎನ್ನಲು ಬಾಯಿ ತೆರೆದವಳು ಸುಮ್ಮನಾದೆ.