ಮಗು ನಗಬಾರದು

ಸೋಮವಾರದ ಆಪರೇಷನ್‌ವರೆಗೆ ಮಗುವನ್ನು ಅಳಿಸಲೇಬಾರದೆಂದು ಡಾಕ್ಟರು ಭಾನುಪ್ರಿಯಳಿಗೆ ಮೂರು ಸಲ ಹೇಳಿದ್ದರು. ಮೂರು ವರ್ಷದ ಜ್ಯೋತಿಗೆ ಹೃದಯದಲ್ಲಿ ತೂತು. ಅತ್ತರೆ ತುಟಿ ನೇರಳೆಹಣ್ಣಾಗಿ ಉಸಿರು ಕಟ್ಟುತ್ತಿತ್ತು. ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವ ಕೂಲಿ ಬಿಟ್ಟು, ಮಗಳನ್ನು ನಗಿಸುವುದೇ ಅವಳ ಕೆಲಸವಾಗಿತ್ತು.

ಸರ್ಕಾರದ ಕಾರ್ಡು ಭರಿಸದೆ ಉಳಿದ ನಲವತ್ತು ಸಾವಿರ ಕೊಡುತ್ತೇನೆಂದವರು ಸಾತನೂರಿನ ಗೆಳೆಯರ ಬಳಗದ ಅಧ್ಯಕ್ಷ ಯೋಗಾನಂದ. ಬಾಗಿಲಲ್ಲಿ ಮೊದಲು ಅವರ ಮೀಸೆ ಬರುತ್ತಿತ್ತು, ಒಸಿ ಹೊತ್ತು ಬಿಟ್ಟು ಅವರು. ಭಾನುವಾರ ದುಡ್ಡು ಕೊಡುವ ಸಮಾರಂಭದಲ್ಲಿ ಅವರಿಗೆ ಎಷ್ಟು ಶಾಲು ಹೊದಿಸಿದರೆಂದರೆ, ಭಾಷಣದ ಹೊತ್ತಿಗೆ ಅವರನ್ನು ಒಳಗಿಂದ ಹುಡುಕಿ ತೆಗೆಯಬೇಕಾಯಿತು. ಮೀಸೆ ಕಂಡು ಜ್ಯೋತಿ ಕಿಲಕಿಲ ನಕ್ಕಳು.

ಫೋಟೋದ ಮಧುಕುಮಾರ್ ಕ್ಯಾಮೆರಾ ಇಳಿಸಿದ. "ಯೋಗಣ್ಣ, ಮಗು ನಗ್ತಾ ಐತೆ. ಫ್ಲೆಕ್ಸ್ ನೋಡ್ದೋರು ಬರ್ತ್‌ಡೇ ಅನ್ಕೋತಾರೆ."

"ಏನಮ್ಮ, ಕಾಯ್ಲೆ ಮಗೀಗೆ ಹೊಸ ಫ್ರಾಕಾ? ರಿಬ್ಬನ್ ಬೇರೆ!"

ಹಾಗೆನ್ನುತ್ತಲೇ ಯೋಗಾನಂದ ರಿಬ್ಬನ್ ಕಿತ್ತರು. ತಲೆ ಕೆದರಿದರು. ಮಗುವಿನ ಕೈಯ ಬಿಸ್ಕತ್ತು ಕಸಿದು, ಎಲ್ಲಿಡುವುದೆಂದು ತೋಚದೆ ತಾವೇ ತಿಂದರು. ಮೀಸೆಗೆ ಅಂಟಿದ ಚೂರು ಕಂಡು ಜ್ಯೋತಿಗೆ ಇನ್ನಷ್ಟು ನಗು.

"ಅಳುಸ್ಬೇಡಿ ಸಾ, ನಿಮ್ ಕಾಲಿಗ್ ಬೀಳ್ತೀನಿ," ಎಂದಳು ಭಾನುಪ್ರಿಯ.

"ಒಸಿ ಅಷ್ಟೆ ಕಣಮ್ಮ. ನೋಡ್ದೋರ್ಗೆ ಕರುಳು ಚುರುಕ್ ಅನ್ಬೇಕು," ಎನ್ನುತ್ತ ಅವರು ಮಗುವಿನ ತೊಡೆ ಚಿವುಟಿದರು.

ಜ್ಯೋತಿ ಅತ್ತಳು. ತುಟಿ ಕಪ್ಪಿಟ್ಟಿತು. ಭಾನುಪ್ರಿಯ ನೆಲಕ್ಕೆ ಕುಸಿದು, ಡಾಕ್ಟರು ತೋರಿಸಿಕೊಟ್ಟಂತೆ ಮಗುವಿನ ಮಂಡಿಗಳನ್ನು ಅದರ ಎದೆಗೆ ಒತ್ತಿ ಹಿಡಿದಳು. ಉಸಿರು ಮರಳುವಷ್ಟರಲ್ಲಿ ಕ್ಯಾಮೆರಾ ಹನ್ನೊಂದು ಸಲ ಮಿಂಚಿತ್ತು.

"ಸೂಪರಾಗ್ ಬಂತು ಕಣಣ್ಣ!"

ಯೋಗಾನಂದ ದುಡ್ಡಿನ ಕವರು ಚಾಚಿದರು. ಚಿವುಟಿದ್ದೂ ಅದೇ ಕೈ. ರೇಷ್ಮೆ ತಟ್ಟೆಯಿಂದ ಕೊಳೆತ ಹುಳ ಎತ್ತುವಂತೆ, ಭಾನುಪ್ರಿಯ ಎರಡೇ ಬೆರಳಲ್ಲಿ ಕವರಿನ ತುದಿ ಹಿಡಿದು ಎಳೆದುಕೊಂಡಳು.

ಆಪರೇಷನ್ ಆಯಿತು. ಎರಡು ತಿಂಗಳ ಮೇಲೆ ಮೀಸೆ ಅವಳ ಮನೆ ಬಾಗಿಲಿಗೆ ಬಂತು. ಹಿಂದೆಯೇ ಯೋಗಾನಂದ, ಅವರ ಹಿಂದೆ ಮಧುಕುಮಾರ್.

"ಮಗು ಎಲ್ಲೈತಮ್ಮ? ಈಗ ನಗ್ಬೇಕು. ವಾಸಿಯಾಗಿದ್ದುಕ್ಕೂ ಒಂದು ಫ್ಲೆಕ್ಸ್ ಹಾಕುಸ್ತೀವಿ."

ಮೀಸೆ ಕಂಡದ್ದೇ ಜ್ಯೋತಿ ತೊಡೆ ಮುಚ್ಚಿಕೊಂಡು ಊರು ಒಂದು ಮಾಡುವಂತೆ ಕಿರುಚಿದಳು. ರಸ್ತೆಯಲ್ಲಿದ್ದ ಕನಕಪುರದ ಬಸ್ಸು ಅದನ್ನು ಲಾರಿಯ ಹಾರ್ನೆಂದುಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

"ಸಮಾಧಾನ ಮಾಡಮ್ಮ, ಬೆಳಕು ಹೋಯ್ತದೆ!"

ಭಾನುಪ್ರಿಯ ಬಗ್ಗಿ ಮಗಳ ತುಟಿ ನೋಡಿದಳು. ಕೆಂಪಗೇ ಇತ್ತು.

"ಅಳ್ಲಿ ಬುಡಿ ಸಾ," ಎಂದಳು. "ಇನ್ಮೇಲೆ ಎಷ್ಟ್ ಬೇಕಾದ್ರೂ ಅಳ್ಬೋದು ಅಂತ ಡಾಕ್ಟ್ರು ಹೇಳವ್ರೆ."