ಮೂರು ಅಕ್ಷರ, ಒಂದು ಅಂಕಿ

ಪ್ರಭಂಜನ ಅವರ ಸುತ್ತೋಲೆ ಸೋಮವಾರ ನೋಟಿಸ್ ಬೋರ್ಡಿಗೆ ಬಿದ್ದಾಗ ಸುಮಂಗಲಾ ಅದನ್ನು ಮೊದಲು ಓದಲಿಲ್ಲ, ಎಣಿಸಿದಳು. ಹನ್ನೊಂದು ನಿಯಮ. ಎಕ್ಸೆಲ್ ಹಾಳೆಯ ಚೌಕಗಳಿಗೆ ಹೆಸರಿಡಲು ಹನ್ನೊಂದು! ಅವಳ ಮದುವೆಯ ಮಾತುಕತೆಯಲ್ಲಿ ಕೂಡ ಇಷ್ಟು ಷರತ್ತು ಎದ್ದಿರಲಿಲ್ಲ.

ಸಂಡೂರಿನ ಗಣಿ ಕಂಪನಿಯೊಂದರ ಬಸ್ಸು ವಿಭಾಗದಲ್ಲಿ ಅವಳು ಕಂಪ್ಯೂಟರ್ ಆಪರೇಟರ್. ಯಾವ ಬಸ್ಸು ಯಾವ ಊರಿಗೆ, ಯಾವ ನಿಲ್ದಾಣದಲ್ಲಿ ಯಾರು ಹತ್ತುತ್ತಾರೆ, ಎಲ್ಲವೂ ಅವಳ ಒಂದೇ ಹಾಳೆಯಲ್ಲಿ. ಒಂದಷ್ಟು ಚೌಕಗಳನ್ನು ಒಟ್ಟಿಗೆ ಹಿಡಿದು ಅದಕ್ಕೊಂದು ಹೆಸರಿಟ್ಟರೆ ಸಾಕು, ಆಮೇಲೆ ಹೆಸರು ಕರೆದಾಗ ಚೌಕಗಳೆಲ್ಲ ಓಡಿ ಬಂದು ಸಾಲಾಗಿ ನಿಲ್ಲುತ್ತವೆ. ಬೆಳಿಗ್ಗೆ ಡ್ರೈವರ್ ಕೈಗೆ ಹೋಗುವ ಚೀಟಿ ಆ ಹೆಸರುಗಳಿಂದಲೇ ತಯಾರಾಗುತ್ತಿತ್ತು. ಹಾಳೆಯಲ್ಲಿ ಹೆಸರಿದ್ದರೆ ಬಸ್ಸು ನಿಲ್ಲುತ್ತದೆ, ಇಲ್ಲದಿದ್ದರೆ ಇಲ್ಲ.

ಯಂತ್ರಕ್ಕೆ ತನ್ನದೇ ನಾಲ್ಕೈದು ಹಟಗಳಿದ್ದವು. ಹೆಸರಿನ ನಡುವೆ ಖಾಲಿ ಜಾಗ ಬಿಡಬಾರದು, ಬೇಕಾದರೆ ಅಡಿಗೆರೆ ಹಾಕಬೇಕು. ಅಂಕಿಯಿಂದ ಶುರುವಾಗಬಾರದು. ಒಂದೇ ಹೆಸರನ್ನು ಎರಡು ಕಡೆ ಇಡಬಾರದು. ಇಷ್ಟನ್ನು ಒಪ್ಪಿಕೊಂಡರೆ ಉಳಿದದ್ದು ನಿಮ್ಮಿಷ್ಟ. ಸುಮಂಗಲಾ ಇಷ್ಟಪಟ್ಟೇ ಇಟ್ಟಿದ್ದಳು. ಡ್ರೈವರ್ ದುರುಗಣ್ಣ ಎರಡು ಟ್ರಿಪ್ಪುಗಳ ನಡುವೆ ಸೀಟಿನ ಮೇಲೆ ಕಾಲು ಚಾಚುವ ಹೊತ್ತಿಗೆ 'ದುರುಗಣ್ಣನ_ನಿದ್ದೆ', ಹೊಸಪೇಟೆಯಲ್ಲಿ ಎಲ್ಲರೂ ತಡ ಮಾಡುವ ಜಾಗಕ್ಕೆ 'ಮಿರ್ಚಿ_ಬಂಡಿ'. ಎಲ್ಲ ಇಂಗ್ಲಿಷ್ ಅಕ್ಷರದ ಕನ್ನಡ.

ಹೊಸ ಸಾಹೇಬರಾದ ಪ್ರಭಂಜನ ಆ ಪಟ್ಟಿ ತೆರೆದು ನೋಡಿದ ದಿನ ಅವರ ಕನ್ನಡಕ ಮೂಗಿನ ತುದಿಗೆ ಜಾರಿತ್ತು.

"ಏನ್ರೀ ಇದು, ಆಫೀಸೋ ಗುಡಿಕಟ್ಟಿಯೋ?"

ಅದರ ಫಲವೇ ಸುತ್ತೋಲೆ. ಮೂರನೆಯ ನಿಯಮ: ಪ್ರತಿ ನಿಲ್ದಾಣಕ್ಕೆ ಇಂಗ್ಲಿಷಿನ ಮೂರು ಅಕ್ಷರ, ಅದರ ಬೆನ್ನಿಗೇ ಒಂದು ಅಂಕಿ. ಹೊಸಪೇಟೆ ಎಚ್‌ಪಿಟಿ1, ಕಂಪ್ಲಿ ಕೆಪಿಎಲ್2, ಸಂಡೂರು ಎಸ್‌ಡಿಆರ್3. ಆರನೆಯ ನಿಯಮ: ಮುಖ್ಯ ಕಚೇರಿಯ ಪಟ್ಟಿಯಲ್ಲಿಲ್ಲದ ನಿಲ್ದಾಣದ ಹೆಸರನ್ನು ಬುಧವಾರದ ಮೀಟಿಂಗಿನಲ್ಲಿ ಎಲ್ಲರೆದುರು ಅಳಿಸಲಾಗುವುದು.

ಪಟ್ಟಿಯಲ್ಲಿಲ್ಲದ ನಿಲ್ದಾಣ ಇದ್ದದ್ದೇ ಒಂದು, ಪಾಪಿನಾಯಕನಹಳ್ಳಿ. ಹಿಂದಿನ ಸಾಹೇಬರು ಬಾಯಿಮಾತಿನಲ್ಲಿ ಒಪ್ಪಿದ್ದರಿಂದ ಬಸ್ಸು ರಸ್ತೆ ಬಿಟ್ಟು ಊರೊಳಗೆ ಒಂದೂವರೆ ಕಿಲೋಮೀಟರ್ ತಿರುಗಿ ಬರುತ್ತಿತ್ತು. ಹತ್ತುವವರು ಹನ್ನೊಂದು ಹೆಂಗಸರು. ಹತ್ತು ಜನ ಕಸ ಗುಡಿಸುವವರು, ಕ್ಯಾಂಟೀನಿನವರು. ಹನ್ನೊಂದನೆಯವಳು ಸುಮಂಗಲಾ. ನಿಲ್ದಾಣ ಹೋದರೆ ಬೆಳಗಿನ ಐದೂವರೆಗೆ ಅದಿರು ಲಾರಿಗಳ ಕೆಂಪು ಧೂಳಿನಲ್ಲಿ ಮುಖ್ಯರಸ್ತೆವರೆಗೆ ನಡಿಗೆ. ಮೊಣಕಾಲು ಬಾತಿರುವ ಸಂಗಮ್ಮನಿಗೆ ಆ ನಡಿಗೆ ಅಂದರೆ ಕೆಲಸ ಬಿಟ್ಟ ಹಾಗೆಯೇ.

"ಸರ್, ಆರನೇ ರೂಲ್ ಒಂದು ಸ್ವಲ್ಪ..." ಎಂದಳು.

"ರೂಲ್ ಅಂದ್ರ ರೂಲ್."

"ಹಂಗಾದ್ರ ಮೂರನೇದು ಸರ್, ಆ ಮೂರು ಅಕ್ಷರದ್ದು ಯಾಕೋ..."

"ಸುಮಂಗಲಾ, ನಿಮಗ ಯಾವ ನಂಬರಿನ ಮ್ಯಾಲೂ ಪ್ರೀತಿ ಇಲ್ಲ ಅನಸ್ತದ. ಹೋಗ್ರಿ, ಕೆಲಸ ನೋಡ್ರಿ. ಮೀಟಿಂಗಿನಾಗ ನಾನೇ ಟೈಪ್ ಮಾಡಿ ತೋರಸ್ತೀನಿ."

ಹೇಳಬೇಕಾದ್ದನ್ನು ಹೇಳಲು ಹೋಗಿದ್ದಾಗಿತ್ತು. ಕೇಳದವರಿಗೆ ಮತ್ತೆ ಮತ್ತೆ ಹೇಳುವುದು ಅವಳ ಕೆಲಸದ ಕರಾರಿನಲ್ಲಿ ಇರಲಿಲ್ಲ.

ಬುಧವಾರ ಬೆಳಿಗ್ಗೆ ಬಸ್ಸಿಳಿದು ಬರುವಾಗ ಅವಳು ಸಾಹೇಬರ ಬಿಳಿ ಕಾರಿನ ಹಿಂದೆ ಒಂದು ನಿಮಿಷ ನಿಂತಳು. ದಿನಾ ನೋಡಿದ್ದನ್ನೇ ಇವತ್ತು ಓದಿದಳು. ಹಿಂದಿನ ಗಾಜಿನ ಮೇಲೆ ಹಳದಿ ಅಕ್ಷರದಲ್ಲಿ ಬರೆಸಿತ್ತು: 'ಮಾತೃಶ್ರೀ ಗಂಗಾಬಾಯಿ ಅವರ ಆಶೀರ್ವಾದ'. ಹೊಸಪೇಟೆಯ ಮನೆಯಲ್ಲಿ ಎಂಬತ್ತೆರಡರ ತಾಯಿ. ದಿನಕ್ಕೆ ಮೂರು ಸಲ ಸಾಹೇಬರು ಫೋನಿನಲ್ಲಿ "ಗುಳಿಗಿ ತೊಗೊಂಡ್ಯಾ ಅಮ್ಮಾ?" ಎಂದು ಕೇಳುವುದನ್ನು ಇಡೀ ವಿಭಾಗ ಕೇಳಿಸಿಕೊಳ್ಳುತ್ತಿತ್ತು.

ಅವಳು ಕಂಪ್ಯೂಟರ್ ಮುಂದೆ ಕುಳಿತು ಒಂದು ಹೆಸರು ಬದಲಿಸಿದಳು. ಖಾಲಿ ಜಾಗವಿಲ್ಲ, ಅಂಕಿಯಿಂದ ಶುರುವಿಲ್ಲ, ಹಾಳೆಯಲ್ಲಿ ಬೇರೆಲ್ಲೂ ಇಲ್ಲ. ಯಂತ್ರ ತಕರಾರಿಲ್ಲದೆ ಒಪ್ಪಿಕೊಂಡಿತು.

ಮೀಟಿಂಗಿನಲ್ಲಿ ಡ್ರೈವರುಗಳು ಹಿಂದಿನ ಸಾಲಿನಲ್ಲಿ ಕೂತರು. ಪರದೆಯ ಮೇಲೆ ಹಾಳೆ ಮೂಡಿತು. ಪ್ರಭಂಜನ ಹೊಸಪೇಟೆಯ ಚೌಕಗಳನ್ನು ಹಿಡಿದು, ಎಲ್ಲರತ್ತ ಒಮ್ಮೆ ನೋಡಿ, ಎಚ್‌ಪಿಟಿ1 ಎಂದು ಟೈಪ್ ಮಾಡಿದರು. ಯಂತ್ರ ಒಪ್ಪಲಿಲ್ಲ. ಇನ್ನೊಮ್ಮೆ ಮಾಡಿದರು. ಈ ಹೆಸರು ಸರಿಯಿಲ್ಲ ಎಂದಿತು. ಕೆಪಿಎಲ್2, ಸರಿಯಿಲ್ಲ. ಎಸ್‌ಡಿಆರ್3, ಸರಿಯಿಲ್ಲ.

"ಸಾಹೇಬ್ರ, ಆ ಯಂತ್ರಕ್ಕೂ ಸುತ್ತೋಲೆ ಕೊಟ್ಟಿದ್ರಿಲ್ಲೋ?" ಎಂದ ದುರುಗಣ್ಣ. ಹಿಂದಿನ ಸಾಲು ಕೆಮ್ಮಿತು.

"ಯಾಕ್ರೀ ಸುಮಂಗಲಾ?"

"ಹಾಳೆ ಬಲಗಡೆ ಭಾಳ ಉದ್ದ ಐತ್ರಿ ಸರ್. ಕಾಲಮ್ಮಿನ ಹೆಸರುಗಳು ಎ, ಬಿ, ಸಿ ಅಂತ ಒಂದಕ್ಷರ ಮುಗಿದು, ಎರಡಾಗಿ, ಮೂರಕ್ಷರದ ತನಕ ಹೋಗ್ತಾವ. ಅಲ್ಲೆಲ್ಲೋ ದೂರದಾಗ, ಒಂದನೇ ಸಾಲಿನಾಗ, ಎಚ್‌ಪಿಟಿ1 ಅಂತ ಒಂದು ಚೌಕ ಆಗ್ಲೇ ಕುಂತೈತಿ. ಅದರ ಮನಿ ನಂಬರ್ ಅದು. ಬ್ಯಾರೇದಕ್ಕ ಹೆಸರಿಡಾಕ ಬಿಡಲ್ಲ."

"ಇದನ್ನ ಮೊದಲ ಹೇಳಬಾರದಿತ್ತಾ?"

"ಮೂರನೇದು ಅಂದೆ ಸರ್. ನಂಬರ್ ಮ್ಯಾಲ ಪ್ರೀತಿ ಇಲ್ಲ ಅಂದ್ರಿ."

ಪ್ರಭಂಜನ ಅವರ ಕಿವಿ ಕೆಂಪಾಯಿತು. ಸಹಿ ಮಾಡಿದ ಸುತ್ತೋಲೆಯ ಪ್ರತಿ ಆಗಲೇ ಮುಖ್ಯ ಕಚೇರಿಗೆ ಹೋಗಿತ್ತು. ಒಂದು ನಿಯಮವಾದರೂ ಇಲ್ಲಿ, ಈಗ, ಗೆಲ್ಲಲೇಬೇಕಿತ್ತು.

"ಆಯ್ತು, ಆರನೇದು ಮುಗಸೋಣ. ಪಾಪಿನಾಯಕನಹಳ್ಳಿದು ಯಾವುದು?"

"ಮೇಲಿಂದ ಎರಡನೇದು ಸರ್."

ಎರಡನೆಯದನ್ನು ಹಿಡಿದು ಅಳಿಸುವ ಗುಂಡಿ ಒತ್ತಿಯೇಬಿಟ್ಟರು. ಹೆಸರು ಅಳಿಸುವ ಮುಂಚೆ ಒಮ್ಮೆ ಕೇಳುವುದು ಯಂತ್ರದ ಪದ್ಧತಿ. ಪರದೆಯ ನಟ್ಟನಡುವೆ, ಗೋಡೆಯಗಲಕ್ಕೆ, ಇಂಗ್ಲಿಷಿನಲ್ಲಿ ಕೇಳಿತು: ಗಂಗಾಬಾಯಿ ಎಂಬ ಹೆಸರನ್ನು ಅಳಿಸುವುದು ಖಚಿತವೇ?

ದುರುಗಣ್ಣ ಅಕ್ಷರ ಅಕ್ಷರ ಕೂಡಿಸಿ ಓದಿದ.

"ಗಂ... ಗಾ... ಬಾಯಿ. ಅಯ್ಯ, ಯಾರ್ರೀ ಈಕಿ? ಒತ್ರಿ ಸಾಹೇಬ್ರ, ಯಾಕ ತಡ?"

ಬಾಣದ ಗುರುತು 'ಓಕೆ'ಯ ಮೇಲೆ ಬಂದು, ಪಕ್ಕಕ್ಕೆ ಸರಿದು, ಮತ್ತೆ ಬಂದು ನಿಂತಿತು. ಸುಮಂಗಲಾಗೆ ನಗು ಬರಬೇಕಿತ್ತು, ಬರಲಿಲ್ಲ. ಇಷ್ಟು ದೊಡ್ಡ ಮನುಷ್ಯನ ಬೆರಳು ಹೀಗೆ ಸಣ್ಣ ಹುಡುಗನದಾಗುತ್ತದೆ ಎಂದು ಅವಳು ಲೆಕ್ಕ ಹಾಕಿರಲಿಲ್ಲ. ಆದರೂ ಸಂಗಮ್ಮನ ಮೊಣಕಾಲನ್ನು ನೆನೆದು ಕೂತಳು.

ಆಗಲೇ ಸಾಹೇಬರ ಫೋನು ಮೇಜಿನ ಮೇಲೆ ಗುಂಯ್ ಎಂದಿತು. ಅದರ ಮೇಲೆ ಅಮ್ಮನ ಹೆಸರು ನೋಡಿ ಅವರು 'ಕ್ಯಾನ್ಸಲ್' ಒತ್ತಿದರು. ಫೋನಿನ ಮೇಲಲ್ಲ, ಪರದೆಯ ಮೇಲೆ.

"ಮೀಟಿಂಗ್ ಮುಗೀತು. ಎಲ್ಲಾರೂ ಹೋಗ್ರಿ. ಸುಮಂಗಲಾ, ನೀವು ಕುಂದ್ರಿ."

ಎಲ್ಲರೂ ಹೋದ ಮೇಲೆ, ಅಮ್ಮನ ಗುಳಿಗೆ ವಿಚಾರಿಸಿಯಾದ ಮೇಲೆ, ಕೇಳಿದರು:

"ನಮ್ಮ ತಾಯಿ ಹೆಸರು ನಿಮಗ ಹ್ಯಾಂಗ ಗೊತ್ತು?"

"ಕಾರಿನ ಹಿಂದ ಬರದೈತಲ್ರಿ ಸರ್. ಊರೇ ಓದ್ತೈತಿ."

ಪ್ರಭಂಜನ ಕನ್ನಡಕ ತೆಗೆದು ಒರೆಸಿದರು.

"ಮೂರನೇ ರೂಲ್ ಉಳಸಾಕ ದಾರಿ ಐತೇನು?"

"ಅಕ್ಷರಕ್ಕೂ ಅಂಕಿಗೂ ನಡುವ ಒಂದು ಅಡಿಗೆರೆ ಹಾಕಿದ್ರ ಆತ್ರಿ. ಅಚ್ಚಿನಾಗ ಬಿಟ್ಟುಹೋಗಿತ್ತು ಅಂತ ತಿದ್ದುಪಡಿ ಕಳಸ್ರಿ. ನಾನ ಟೈಪ್ ಮಾಡಿಕೊಡ್ತೀನಿ."

"ಮತ್ತ ಆ... ಇನ್ನೊಂದು?"

"ಅದನ್ನ ನೀವ ಅಳಸ್ರಿ ಸರ್. ನನ್ನ ಕೈಲಿ ಆಗಲ್ಲ, ದೊಡ್ಡೋರ ಹೆಸರು."

ಗುರುವಾರ ತಿದ್ದುಪಡಿ ಬೋರ್ಡಿಗೆ ಬಂತು. ಕೊನೆಗೊಂದು ಹನ್ನೆರಡನೆಯ ನಿಯಮ ಸೇರಿತ್ತು: ಇನ್ನು ಮುಂದೆ ಹಿರಿಯರ ಹೆಸರುಗಳನ್ನು ಚೌಕಗಳಿಗೆ ಇಡತಕ್ಕದ್ದಲ್ಲ, ಈಗಾಗಲೇ ಇಟ್ಟದ್ದನ್ನು ಮುಟ್ಟತಕ್ಕದ್ದಲ್ಲ. ಸಾಹೇಬರ ಕಾರಿನ ಗಾಜನ್ನು ಯಾರೋ ಬ್ಲೇಡಿನಿಂದ ಕೆರೆದಿದ್ದರು. ಈಗ ಅಲ್ಲಿ 'ಮಾತೃಶ್ರೀ ಅವರ ಆಶೀರ್ವಾದ' ಎಂದಷ್ಟೇ ಉಳಿದು, ನಡುವೆ ಒಂದು ಹೆಸರಿನಷ್ಟು ಖಾಲಿ ಜಾಗ ಬಿದ್ದಿತ್ತು.

ಸಂಜೆ ಬಸ್ಸು ಮುಖ್ಯರಸ್ತೆ ಬಿಟ್ಟು ಊರೊಳಗೆ ತಿರುಗಿತು. ದುರುಗಣ್ಣ ಚೀಟಿಯನ್ನು ಸ್ಟೇರಿಂಗಿನ ಮೇಲಿಟ್ಟುಕೊಂಡು, ಕನ್ನಡಿಯಲ್ಲಿ ಸುಮಂಗಲಾಳನ್ನು ಹುಡುಕಿ, ಗಂಟಲು ಸರಿಪಡಿಸಿಕೊಂಡ.

"ಗಂಗಾಬಾಯಿ, ಗಂಗಾಬಾಯಿ! ಯಾರ್ರಿ ಗಂಗಾಬಾಯಿ ಇಳಿಯೋರು? ಜಲ್ದಿ ಬರ್ರಿ."

ಸಂಗಮ್ಮ ಮೊಣಕಾಲು ಹಿಡಿದುಕೊಂಡು ಎದ್ದಳು.

"ಬಂದೆ ತಡೀಯೋ. ಯಾವ ಪುಣ್ಯಾತ್ಗಿತ್ತಿನೋ ಏನೋ, ಮನಿ ಬಾಗಿಲಿಗೆ ತಂದು ಇಳಸ್ತಾಳ."